ಹೊಸ ವರ್ಷದ ಅದೃಷ್ಟದ ಊಟ: ಬಿಸುವಿನ ದಿನ ನಾವು ತಿನ್ನುವುದರಲ್ಲಿ ಅಂಥದ್ದೇನಾದರೂ ಇದೆಯೇ?

ಕುಂಬಳೆ ಸೀಮೆಯವ
ಎಲ್ಲರಿಗೂ ನಮಸ್ಕಾರ. ಬೇರೆ ಬೇರೆ ದೇಶಗಳ ಜನ ಹೊಸ ವರ್ಷಕ್ಕೆ ಶುಭವೆಂದು ತಿನ್ನುವ ತಿನಿಸುಗಳನ್ನು ಏಪ್ರಿಲ್ ನಡುವೆ ಬರುವ, ಮಲಯಾಳದಲ್ಲಿ ವಿಷು ಎನ್ನುವ ನಮ್ಮ ಹೊಸ ವರ್ಷ ಬಿಸುವಿನ ಹಿಂದಿನ ಸಂಜೆ ನಮ್ಮೂರಿನ ವಾಚನಾಲಯದಲ್ಲಿ ಒಂದು ಮೇಜಿನ ಮೇಲಿಟ್ಟು ಮಕ್ಕಳಿಗೆ ತೋರಿಸಬೇಕೆಂಬ ಯೋಚನೆ ನಡೆದಿದೆ. ಸ್ಪೇನಿನ ಹನ್ನೆರಡು ದ್ರಾಕ್ಷಿ, ಇಟಲಿಯವರ ಮಸೂರ, ಜಪಾನಿನ ಉದ್ದನೆಯ ಶ್ಯಾವಿಗೆ ಇವೆಲ್ಲ ಚರ್ಚೆಯಿಲ್ಲದೆ ಪಟ್ಟಿಗೆ ಸೇರಿದವು. ನಮ್ಮದೇ ಮೂಲೆಯಲ್ಲಿ ಏನಿಡಬೇಕೆಂಬಲ್ಲಿಗೆ ಬಂದಾಗ ಮಾತ್ರ ಸಭೆ ಎರಡಾಯಿತು. ಒಬ್ಬರು ಬೇವು-ಬೆಲ್ಲವೆಂದರು. ಅದು ಚಾಂದ್ರಮಾನ ಯುಗಾದಿಯವರದು, ಸೌರಮಾನದ ಬಿಸುವಿಗೆ ಅದನ್ನು ತಂದು ಸೇರಿಸಬಾರದೆಂದು ಇನ್ನೊಬ್ಬರು ಪಟ್ಟು ಹಿಡಿದರು.

ನನ್ನ ಅನಿಸಿಕೆ ಬೇರೆಯೇ ಇದೆ. ಬಿಸುವಿನಲ್ಲಿ ಶುಭವೆನ್ನುವುದು ಕಾಣುವುದರಲ್ಲಿದೆ, ತಿನ್ನುವುದರಲ್ಲಿಲ್ಲ. ಬೆಳಗಿನ ಜಾವ ಕಣ್ಣು ಮುಚ್ಚಿಸಿ ಕರೆದೊಯ್ದು ಕಣಿ ತೋರಿಸುತ್ತಾರೆ. ಅಕ್ಕಿ, ತೆಂಗಿನಕಾಯಿ, ಸೌತೆ, ಹಲಸು, ಮಾವು, ಗೇರುಹಣ್ಣು, ಕೊಂದೆ ಹೂ, ಚಿನ್ನ, ಕನ್ನಡಿ ಎಲ್ಲವನ್ನೂ ನೋಡಿದರೆ ವರ್ಷ ಸಮೃದ್ಧವಾಗುತ್ತದೆ ಎನ್ನುತ್ತಾರೆ. ಮಧ್ಯಾಹ್ನದ ಪಾಯಸ ಯಾವ ಹಬ್ಬಕ್ಕೂ ಮಾಡುವಂಥದ್ದು. ಇಂಥದ್ದನ್ನು ತಿಂದರೆ ವರ್ಷವಿಡೀ ಹಣ ಕೂಡುತ್ತದೆ ಎಂದು ನಮ್ಮ ಹಿರಿಯರು ಯಾರಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ?

ಉಪ್ಪಳದ ಹುಡುಗಿ
ಕೇಳಿಲ್ಲ. ಕಣಿ ನೋಡಿದ ಮೇಲೆ ಅಜ್ಜ ಕೈಗಿಡುವ ಕೈನೀಟದ ನೋಟನ್ನು ನೋಡಿದರೆ ಅದೃಷ್ಟ ಬಂತೆಂದು ನಮಗೆ ಅಲ್ಲಿಗೇ ಖಾತ್ರಿಯಾಗುತ್ತಿತ್ತು.

ಪೆರ್ಲದ ಮಾಷ್ಟ್ರು
ಸೀಮೆಯವರೇ, ನಿಮ್ಮ ಮಾತು ಅರ್ಧ ಸರಿ. ಬೇವು-ಬೆಲ್ಲವನ್ನು ಸುಮ್ಮನೆ ತಿನ್ನುವುದಿಲ್ಲ, ಮಂತ್ರ ಹೇಳಿ ತಿನ್ನುತ್ತೇವೆ: "ಶತಾಯುರ್ವಜ್ರದೇಹಾಯ ಸರ್ವಸಂಪತ್ಕರಾಯ ಚ, ಸರ್ವಾರಿಷ್ಟವಿನಾಶಾಯ ನಿಂಬಕಂದಲಭಕ್ಷಣಮ್." ನೂರು ವರ್ಷದ ಆಯುಸ್ಸು, ವಜ್ರದಂಥ ದೇಹ, ಸಕಲ ಸಂಪತ್ತು, ಅರಿಷ್ಟನಾಶ ಇಷ್ಟನ್ನೂ ಬೇವಿನ ಚಿಗುರು ತಿಂದರೆ ಸಿಗುವ ಫಲವೆಂದು ಈ ಶ್ಲೋಕ ಬಾಯಿಬಿಟ್ಟೇ ಹೇಳುತ್ತದೆ. ಸ್ಪೇನಿನವರು ಹನ್ನೆರಡು ದ್ರಾಕ್ಷಿಗೆ ಕೇಳುವುದಕ್ಕಿಂತ ನಾವು ಒಂದು ಚಿಟಿಕೆ ಬೇವಿಗೆ ಕೇಳುವುದು ಹೆಚ್ಚೇ ಆಯಿತು. ಕಷ್ಟಸುಖಗಳನ್ನು ಸಮವಾಗಿ ಸ್ವೀಕರಿಸಬೇಕೆಂಬ ತತ್ವವನ್ನು ಇತ್ತೀಚೆಗೆ ಎಲ್ಲ ಶುಭಾಶಯ ಪತ್ರಗಳಲ್ಲೂ ಮುದ್ರಿಸುತ್ತಾರೆ. ಶ್ಲೋಕದಲ್ಲಿ ಅದರ ಸುಳಿವೇ ಇಲ್ಲ.

ತೋಟದವ
ಮಾಷ್ಟ್ರೇ, ಶ್ಲೋಕ ಇರಲಿ, ಬೇವು ಎಲ್ಲಿದೆ? ನಮ್ಮ ಕರಾವಳಿಯ ಮಳೆಗೆ ಬೇವು ಬಯಲುಸೀಮೆಯ ಹಾಗೆ ತಾನಾಗಿ ಬೆಳೆಯುವುದಿಲ್ಲ. ಯುಗಾದಿಯ ದಿನ ದೇವಸ್ಥಾನದ ಅಂಗಳದಲ್ಲಿರುವ ಒಂದು ಮರಕ್ಕೆ ಊರಿಡೀ ಕೈಹಾಕುತ್ತದೆ. ಏಪ್ರಿಲಿನಲ್ಲಿ ನಮ್ಮ ಗುಡ್ಡೆಯಲ್ಲಿ ಆಗುವುದು ಗೇರು, ಗದ್ದೆಯಲ್ಲಿ ಆಗುವುದು ಸೌತೆ, ಹಿತ್ತಿಲಲ್ಲಿ ಆಗುವುದು ಹಲಸು. ಕಣಿಯಲ್ಲೂ ಅವೇ ಇವೆ, ಊಟದಲ್ಲೂ ಅವೇ ಇವೆ. ಋತುವಿನ ಮೊದಲ ಫಸಲನ್ನು ಇಟ್ಟು ನೋಡಿ ಆಮೇಲೆ ತಿನ್ನುವುದು, ಅಷ್ಟೇ. ಅದಕ್ಕೆ ಅದೃಷ್ಟವೆಂಬ ಹೆಸರನ್ನು ನಂತರ ಯಾರೋ ಕೊಟ್ಟಿರಬೇಕು.

ಮಂಜೇಶ್ವರದ ಕೊಂಕಣಿ
ನಮ್ಮಲ್ಲಿ ಎರಡೂ ಇದೆ. ಸಂಸಾರ ಪಾಡ್ವೊ, ಅಂದರೆ ಯುಗಾದಿಯ ದಿನ ಬೇವು-ಬೆಲ್ಲ ತಿಂದು, ಊಟಕ್ಕೆ ಬಿಬ್ಬೊ ಉಪ್ಕರಿ ಎಂಬ ಎಳೆ ಗೇರುಬೀಜದ ಪಲ್ಯ ಮಾಡುತ್ತೇವೆ. ಕೆಲವು ದಿನಗಳ ಅಂತರದಲ್ಲಿ ಬಿಸು ಬಂದಾಗ ಕಣಿಯನ್ನೂ ಇಡುತ್ತೇವೆ, ಉಪ್ಕರಿಯನ್ನೂ ಮತ್ತೊಮ್ಮೆ ಮಾಡುತ್ತೇವೆ. ಎರಡು ಹೊಸ ವರ್ಷ ಬೇಡವೆಂದು ನಮ್ಮ ಮನೆಯಲ್ಲಿ ಯಾರೂ ದೂರು ಕೊಟ್ಟಿಲ್ಲ.

ಪೆರ್ಲದ ಮಾಷ್ಟ್ರು
ಗೇರಿನ ಮಾತು ಬಂದದ್ದರಿಂದ ಹೇಳುತ್ತೇನೆ: ಗೇರು ಬ್ರೆಜಿಲಿನ ಮರ, ಪೋರ್ಚುಗೀಸರು ಹದಿನಾರನೇ ಶತಮಾನದಲ್ಲಿ ಅದನ್ನು ನಮ್ಮ ಕರಾವಳಿಗೆ ತಂದರು. ನಾವು ಸನಾತನವೆಂದು ಕಣಿಯಲ್ಲಿಡುವ ಗೇರುಹಣ್ಣು, ತೊಂಡೆಕಾಯಿ ಪಲ್ಯಕ್ಕೆ ಹಾಕುವ ಎಳೆ ಗೇರುಬೀಜ, ಮೆಣಸಿನಕಾಯಿ ಎಲ್ಲವೂ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದವುಗಳು. ಆದ್ದರಿಂದ ಯಾವುದು ನಮ್ಮದು, ಯಾವುದು ಪರರದು ಎಂದು ಮೇಜನ್ನು ಗೆರೆ ಎಳೆದು ಭಾಗ ಮಾಡುವ ಮುನ್ನ ಸ್ವಲ್ಪ ಯೋಚಿಸಿ.

ದುಬೈಯ ಬದಿಯಡ್ಕದವ
ನಮ್ಮ ಕಚೇರಿಯಲ್ಲಿ ಫಿಲಿಪೀನ್ಸಿನವರು ಬಹಳ ಮಂದಿ ಇದ್ದಾರೆ. ಅವರು ಡಿಸೆಂಬರ್ 31ರ ರಾತ್ರಿ ಮೇಜಿನ ಮೇಲೆ ಹನ್ನೆರಡು ಬಗೆಯ ದುಂಡಗಿನ ಹಣ್ಣುಗಳನ್ನು ಜೋಡಿಸುತ್ತಾರೆ. ಕೆಲವರ ಮನೆಯಲ್ಲಿ ಹದಿಮೂರು. ದುಂಡಗಿದ್ದರೆ ನಾಣ್ಯದ ಆಕಾರ, ತಿಂಗಳಿಗೊಂದರಂತೆ ಹನ್ನೆರಡು. ಉಟ್ಟ ಬಟ್ಟೆಯಲ್ಲೂ ದುಂಡು ಚುಕ್ಕೆಗಳಿರಬೇಕು, ಜೇಬಿನಲ್ಲಿ ಚಿಲ್ಲರೆ ಸದ್ದು ಮಾಡಬೇಕು. ಕೋಳಿಯನ್ನು ಮಾತ್ರ ಆ ರಾತ್ರಿ ಬಹಳ ಮನೆಗಳಲ್ಲಿ ಮಾಡುವುದಿಲ್ಲ, ಏಕೆಂದರೆ ಕೋಳಿ ಕೆದಕಿ ಕೆದಕಿ ಹೊಟ್ಟೆ ಹೊರೆಯುವ ಪ್ರಾಣಿ, ನಮ್ಮ ಗತಿಯೂ ಹಾಗಾಗುತ್ತದೆ ಎಂಬ ಭಯ. ಹಣ್ಣು ಜೋಡಿಸಿದ್ದನ್ನು ನೋಡಿದಾಗ ನನಗೆ ಕಣಿಯೇ ನೆನಪಾಯಿತು. ಇಲ್ಲಿಯೂ ಮೊದಲು ಇಡುವುದು, ಆಮೇಲೆ ತಿನ್ನುವುದು.

ಕಣಿಗೆ ಇನ್ನೂ ಹತ್ತಿರದ್ದು ಇರಾನಿನವರ ನೌರೂಜ್. ಹಗಲು ರಾತ್ರಿ ಸಮನಾಗುವ ಮಾರ್ಚ್ 20 ಅಥವಾ 21ಕ್ಕೆ ಅವರ ಹೊಸ ವರ್ಷ. ಹಫ್ತ್ ಸೀನ್ ಎಂಬ ಹಾಸಿನ ಮೇಲೆ ಅವರ ಲಿಪಿಯ ಒಂದೇ ಅಕ್ಷರದಿಂದ ಆರಂಭವಾಗುವ ಏಳು ವಸ್ತುಗಳನ್ನು ಇಡುತ್ತಾರೆ: ಮೊಳಕೆ ಬಂದ ಗೋಧಿ, ಗೋಧಿ ಮೊಳಕೆಯ ಸಿಹಿ, ಸೇಬು, ಬೆಳ್ಳುಳ್ಳಿ, ವಿನೆಗರ್, ಹುಳಿಯಾದ ಸುಮಾಕ್ ಪುಡಿ, ಸೆಂಜೆದ್ ಎಂಬ ಒಣಹಣ್ಣು. ಜೊತೆಗೆ ಕನ್ನಡಿ, ನಾಣ್ಯ, ಒಂದು ಪುಸ್ತಕ. ಆ ಮೊಳಕೆಯನ್ನು ತಿನ್ನುವುದಿಲ್ಲ. ಹದಿಮೂರನೆಯ ದಿನ ಹರಿಯುವ ನೀರಿಗೆ ಬಿಡುತ್ತಾರೆ. ಕನ್ನಡಿ, ಹಣ, ಪುಸ್ತಕ, ಧಾನ್ಯ ಇಷ್ಟೂ ನಮ್ಮ ಹರಿವಾಣದಲ್ಲಿವೆ. ನಿಮ್ಮ ಮೇಜಿನಲ್ಲಿ ನೌರೂಜನ್ನೂ ಕಣಿಯನ್ನೂ ಪಕ್ಕಪಕ್ಕದಲ್ಲಿಡಿ ಅಣ್ಣ.

ಅಕ್ಕಲಕೋಟೆಯ ಸೊಸೆ
ನಾನು ಬದಿಯಡ್ಕದವಳು, ಮದುವೆಯಾಗಿ ಬಂದದ್ದು ಸೊಲ್ಲಾಪುರ ಜಿಲ್ಲೆಯ ಕನ್ನಡದ ಮನೆಗೆ. ಇಲ್ಲಿ ಬೇವು ಎನ್ನುವುದು ಚಿಟಿಕೆಯ ಲೆಕ್ಕದ್ದಲ್ಲ. ಹೊಸ ಮಡಕೆಯಲ್ಲಿ ನೀರಿಗೆ ಬೆಲ್ಲ, ಹುಣಸೆ ರಸ, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ಕೊಬ್ಬರಿ, ಉತ್ತುತ್ತಿ, ದ್ರಾಕ್ಷಿ, ಗೋಡಂಬಿ ಹಾಕಿ, ಬೇವಿನ ಹೂವನ್ನು ಉದುರಿಸಿ ಪಾನಕದಂತೆ ಕಲಸುತ್ತಾರೆ. ಬಂದವರಿಗೆಲ್ಲ ಲೋಟ ತುಂಬಿಸಿ ಕೊಡುತ್ತಾರೆ. ಬೇಡವೆಂದರೆ ಅತ್ತೆಯವರಿಗೆ ಸಿಟ್ಟು ಬರುತ್ತದೆ. ಪಕ್ಕದ ಮರಾಠಿ ಮನೆಗಳಲ್ಲಿ ಗುಡಿ ಎಂಬ ಅಲಂಕರಿಸಿದ ಕೋಲನ್ನು ಏರಿಸಿ, ಅದಕ್ಕೆ ಬೇವಿನ ಕೊನೆಯನ್ನೂ ಸಕ್ಕರೆಯ ಸರವನ್ನೂ ಕಟ್ಟುತ್ತಾರೆ. ಬೇವಿನ ಎಲೆಯನ್ನು ಓಮ, ಬೆಲ್ಲ, ಹಿಂಗು, ನೆನೆಸಿದ ಕಡಲೆಬೇಳೆಯೊಂದಿಗೆ ಅರೆದು ತಿಂದು, ಬಾಯಿ ಸರಿಮಾಡಿಕೊಳ್ಳಲು ಶ್ರೀಖಂಡ-ಪೂರಿ ಹೊಡೆಯುತ್ತಾರೆ. ಕಹಿಯನ್ನು ಸಿಹಿಯೊಳಗೆ ಮುಳುಗಿಸಿ ಕುಡಿಯುವ ನಮ್ಮ ಅತ್ತೆಯವರ ಉಪಾಯ ನನಗೆ ಹೆಚ್ಚು ಇಷ್ಟ.

ಹೊಸೂರು ಸೀಮೆ
ತಮಿಳುನಾಡಿನ ಈ ತುದಿಯಲ್ಲಿ ಕನ್ನಡದ ಮನೆಗಳು ಯುಗಾದಿಗೆ ಬೇವು-ಬೆಲ್ಲ, ಒಬ್ಬಟ್ಟು ಮಾಡಿ, ಮಾರನೆಯ ದಿನ ವರ್ಷತೊಡಕಿಗೆ ಮಾಂಸದಡುಗೆ ಮಾಡುತ್ತವೆ. ವರ್ಷತೊಡಕಿನ ದಿನ ಹೇಗಿರುತ್ತೇವೋ ವರ್ಷವಿಡೀ ಹಾಗೆಯೇ ಇರುತ್ತೇವೆಂಬ ನಂಬಿಕೆಯಿದೆ; ಅಂದು ಜಗಳವಾಡಬಾರದು, ಸಾಲ ಕೇಳಬಾರದು, ಹೊಟ್ಟೆ ತುಂಬ ತಿನ್ನಬೇಕು. ಸೀಮೆಯವರು ಕೇಳಿದ ಅದೃಷ್ಟದ ಊಟ ಇದಲ್ಲವೇ? ಚಿತ್ತಿರೈ ಮೊದಲ ದಿನ ತಮಿಳರ ಮನೆಗಳಲ್ಲಿ ಮಾವಿನಕಾಯಿ, ಬೆಲ್ಲ, ಬೇವಿನ ಹೂವಿನ ಪಚ್ಚಡಿ ಮಾಡುತ್ತಾರೆ. ಆಂಧ್ರದ ಗಡಿಯಲ್ಲಿರುವ ನಮ್ಮ ನೆಂಟರು ಆರು ರುಚಿಯ ಪಚ್ಚಡಿ ಮಾಡುತ್ತಾರೆ, ಅದು ಎಲ್ಲರಿಗೂ ಗೊತ್ತಿರುವುದೇ.

ಕಾಣುವುದರ ಬಗ್ಗೆ ಒಂದು ಮಾತು. ಯುಗಾದಿಯ ಸಂಜೆ ಚಂದ್ರನನ್ನು ನೋಡಲು ನಾವು ಮಾಳಿಗೆ ಹತ್ತುತ್ತೇವೆ. ಆದ್ದರಿಂದ ಕಾಣುವ ಶುಭ ಬಿಸುವಿನವರಿಗೆ ಮಾತ್ರ ಸೇರಿದ್ದಲ್ಲ.

ಕುಂಬಳೆ ಸೀಮೆಯವ
ವರ್ಷತೊಡಕಿನಲ್ಲಿ ಶುಭವಿರುವುದು ನಡತೆಯಲ್ಲಿ, ಮಾಂಸದಲ್ಲಲ್ಲ. ಚಂದ್ರದರ್ಶನದ ಮಾತು ನನ್ನ ವಾದಕ್ಕೇ ಬಲ ಕೊಟ್ಟಿತು, ಧನ್ಯವಾದ. ತೋಟದವರು ಹೇಳಿದ ಹಾಗೆ ಮಳೆ ಹೆಚ್ಚಿರುವಲ್ಲಿ ಬೇವಿಲ್ಲ, ಆದ್ದರಿಂದ ಸೌರಮಾನದ ಕರಾವಳಿ ಕಣ್ಣಿನಿಂದ ಹಬ್ಬ ಮಾಡಿತು, ಒಳನಾಡು ನಾಲಗೆಯಿಂದ ಮಾಡಿತು ಎನ್ನಬಹುದೇನೋ.

ಪಾಲಕ್ಕಾಡಿನ ಅಳಿಯ
ಹಾಗೆನ್ನಲಾಗುವುದಿಲ್ಲ ಭಾವ. ಪಾಲಕ್ಕಾಡು, ತೃಶ್ಶೂರು ಕಡೆಯ ವಿಷು ಊಟದಲ್ಲಿ ಬೇವಿನ ಹೂವಿನ ರಸಂ ಇದೆ, ಮಾವಿನ ಹಣ್ಣಿನ ಪುಳಿಶ್ಶೇರಿ ಇದೆ, ತೆಂಗಿನ ಹಾಲಿನಲ್ಲಿ ಅಕ್ಕಿ ಬೇಯಿಸಿ ಕತ್ತರಿಸಿ ತಿನ್ನುವ ವಿಷುಕಟ್ಟ ಇದೆ. ಕಣಿಯೂ ಕಹಿಯೂ ಒಂದೇ ಮನೆಯಲ್ಲಿ, ಒಂದೇ ದಿನ ಇವೆ. ನಿಮ್ಮ ಸಿದ್ಧಾಂತ ಕಾಸರಗೋಡಿನ ಚಂದ್ರಗಿರಿ ಹೊಳೆ ದಾಟುವಷ್ಟರಲ್ಲಿ ಸೋರತೊಡಗುತ್ತದೆ.

ಉಪ್ಪಳದ ಹುಡುಗಿ
ಮಧೂರು ದೇವಸ್ಥಾನದ ಸಿಹಿ ಅಪ್ಪ ಇಡಿ. ಯಾರೂ ಜಗಳಕ್ಕೆ ಬರುವುದಿಲ್ಲ.

ಮಂಜೇಶ್ವರದ ಕೊಂಕಣಿ
ಮಧೂರಿನ ಅಪ್ಪ ಗಣಪತಿಯ ಪ್ರಸಾದ ತಂಗಿ, ವರ್ಷವಿಡೀ ಸಿಗುತ್ತದೆ. ಹೊಸ ವರ್ಷಕ್ಕೂ ಅದಕ್ಕೂ ಸಂಬಂಧ ಕಟ್ಟಿದರೆ ಮಕ್ಕಳು ಅದನ್ನೇ ಕಲಿತು ಮುಂದಿನ ವರ್ಷ ಪ್ರಬಂಧದಲ್ಲಿ ಬರೆಯುತ್ತಾರೆ.

ಪೆರ್ಲದ ಮಾಷ್ಟ್ರು
ಹಾಗೆ ಹೊಸದಾಗಿ ಕಟ್ಟಿದ ಸಂಬಂಧಗಳೇ ಸಂಪ್ರದಾಯವಾದದ್ದು ಬೇಕಾದಷ್ಟಿದೆ. ಸ್ಪೇನಿನ ದ್ರಾಕ್ಷಿಯನ್ನೇ ತೆಗೆದುಕೊಳ್ಳಿ. ಮ್ಯಾಡ್ರಿಡ್ ನಗರದ ಪ್ಯುಯೆರ್ತಾ ದೆಲ್ ಸೋಲ್ ಚೌಕದ ಗಡಿಯಾರ ನಡುರಾತ್ರಿ ಹನ್ನೆರಡು ಬಡಿಯುವಾಗ ಒಂದೊಂದು ಬಡಿತಕ್ಕೂ ಒಂದೊಂದು ದ್ರಾಕ್ಷಿ ನುಂಗಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯ ವರ್ಷಗಳಲ್ಲೇ ಮ್ಯಾಡ್ರಿಡ್‌ನಲ್ಲಿ ಈ ವಾಡಿಕೆ ಇತ್ತು. ಆದರೆ ಅದು ದೇಶದ ತುಂಬ ಹರಡಲು 1909ರಲ್ಲಿ ಅಲಿಕಾಂತೆ ಕಡೆಯ ಬೆಳೆಗಾರರು ತಮ್ಮಲ್ಲಿ ಮಿಕ್ಕಿದ ದ್ರಾಕ್ಷಿಯನ್ನು ಅದೃಷ್ಟದ ಹೆಸರಿನಲ್ಲಿ ಮಾರಿದ್ದೂ ಕಾರಣ. ಅಕ್ಷಯ ತೃತೀಯಕ್ಕೆ ನಮ್ಮ ಚಿನ್ನದಂಗಡಿಗಳು ಕೊಡುವ ಜಾಹೀರಾತನ್ನು ನೆನಪಿಸಿಕೊಂಡರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ತೋಟದವ
ಬೆಳೆಗಾರ ಮಿಕ್ಕಿದ್ದನ್ನು ಮಾರಿದರೆ ತಪ್ಪೇನು? ನಮ್ಮ ಗೇರುಹಣ್ಣು ಗುಡ್ಡೆಯಲ್ಲೇ ಕೊಳೆಯುತ್ತಿದೆ. ಅದನ್ನು ಹನ್ನೆರಡು ತಿಂದರೆ ಶುಭವೆಂದು ಯಾರಾದರೂ ಈ ಊರಿನಲ್ಲಿ ಹಬ್ಬಿಸಿದರೆ ನಾನು ಅಂಥವರಿಗೆ ಶಾಲು ಹೊದೆಸುತ್ತೇನೆ.

ಅಕ್ಕಲಕೋಟೆಯ ಸೊಸೆ
ಗೇರುಹಣ್ಣು ಹನ್ನೆರಡು ತಿಂದರೆ ಗಂಟಲು ಕೆರೆತದಿಂದ ಹೊಸ ವರ್ಷ ಶುರುವಾಗುತ್ತದೆ.

ನೀರ್ಚಾಲಿನ ದಾದಿ
ಗಂಟಲಿನ ಮಾತು ತಮಾಷೆಯದ್ದಲ್ಲ, ಮೇಜಿನ ವ್ಯವಸ್ಥೆ ಮಾಡುವವರು ದಯವಿಟ್ಟು ಗಮನಿಸಿ. ಇಡೀ ದ್ರಾಕ್ಷಿ ಐದು ವರ್ಷದೊಳಗಿನ ಮಕ್ಕಳ ಶ್ವಾಸನಾಳವನ್ನು ಮುಚ್ಚಿಬಿಡಬಲ್ಲದು. ಅದರಲ್ಲೂ ಗಡಿಯಾರದ ಬಡಿತಕ್ಕೆ ಸರಿಯಾಗಿ ನುಂಗುವ ಪಂದ್ಯವನ್ನು ಚಿಕ್ಕ ಮಕ್ಕಳಿಗೆ ಇಡಲೇಬೇಡಿ. ಅವರಿಗೆ ಕೊಡುವುದಾದರೆ ಉದ್ದಕ್ಕೆ ನಾಲ್ಕು ಹೋಳು ಮಾಡಿ ಕೊಡಿ. ಜಪಾನಿನಲ್ಲಿ ಹೊಸ ವರ್ಷಕ್ಕೆ ಮೋಚಿ ಎಂಬ ಅಂಟಕ್ಕಿಯ ಮುದ್ದೆಯನ್ನು ತಿಂದು ವಯಸ್ಸಾದವರು ಉಸಿರುಕಟ್ಟುವುದು ಎಷ್ಟು ಸಾಮಾನ್ಯವೆಂದರೆ, ಚಿಕ್ಕ ಚೂರು ಮಾಡಿ, ಚೆನ್ನಾಗಿ ಅಗಿದು ತಿನ್ನಿ ಎಂದು ಟೋಕಿಯೋದ ಅಗ್ನಿಶಾಮಕ ಇಲಾಖೆ ಎಚ್ಚರಿಸುತ್ತಾ ಬಂದಿದೆ.

ಕುಂಬಳೆ ಸೀಮೆಯವ
ಅಕ್ಕ, ದ್ರಾಕ್ಷಿಯನ್ನು ಹೋಳು ಮಾಡಿಯೇ ಇಡುತ್ತೇವೆ. ಮೋಚಿಯ ಬದಲು ಜಪಾನಿನ ಮೂಲೆಗೆ ಶ್ಯಾವಿಗೆ ಸಾಕಲ್ಲವೇ? ಮನೆಯಲ್ಲಿ ಶ್ಯಾವಿಗೆ ಒತ್ತುವ ಮಣೆ ಇದೆ.

ದುಬೈಯ ಬದಿಯಡ್ಕದವ
ಅವರದು ಹುರುಳಿಯಂಥ ಬೂದು ಬಣ್ಣದ ಬಕ್‌ವೀಟ್ ಧಾನ್ಯದ ಸೋಬಾ. ಡಿಸೆಂಬರ್ 31ರ ರಾತ್ರಿ ತಿನ್ನುತ್ತಾರೆ. ಉದ್ದವಾಗಿರುವುದರಿಂದ ದೀರ್ಘಾಯುಸ್ಸು, ಹಲ್ಲಿಗೆ ಸಿಕ್ಕರೆ ಸುಲಭವಾಗಿ ತುಂಡಾಗುವುದರಿಂದ ಹಳೆಯ ವರ್ಷದ ಕಷ್ಟ ಅಲ್ಲಿಗೇ ಕಡಿಯಿತು ಎಂದು ಎರಡು ಕಡೆಯಿಂದಲೂ ಅರ್ಥ ಮಾಡುತ್ತಾರೆ. ಮಾರನೆಯ ದಿನದ ಒಸೆಚಿ ಎಂಬ ಪೆಟ್ಟಿಗೆಯೂಟದಲ್ಲಿ ಹೆರಿಂಗ್ ಮೀನಿನ ಮೊಟ್ಟೆ ಇದ್ದರೆ ಮಕ್ಕಳ ಸಂಪತ್ತು, ಬೆನ್ನು ಬಾಗಿದ ಸಿಗಡಿ ಇದ್ದರೆ ಬೆನ್ನು ಬಾಗುವವರೆಗೆ ಬಾಳುವ ಆಯುಸ್ಸು. ಒತ್ತುಶ್ಯಾವಿಗೆ ಇಟ್ಟರೂ ನಡೆಯುತ್ತದೆ, ಆದರೆ ಅದು ತಟ್ಟೆಗೆ ಬೀಳುವ ಮೊದಲೇ ತುಂಡಾಗುವುದರಿಂದ ಆಯುಸ್ಸಿನ ವಿಷಯದಲ್ಲಿ ಮಕ್ಕಳು ಪ್ರಶ್ನೆ ಕೇಳಿಯಾರು.

ಒಂದು ಸಂಗತಿ ಸೇರಿಸುತ್ತೇನೆ: ಜಪಾನು 1873ರಿಂದ ಜನವರಿ 1ನ್ನೇ ಹೊಸ ವರ್ಷ ಮಾಡಿಕೊಂಡಿತು. ಪಂಚಾಂಗ ಬದಲಾಯಿತು, ಊಟದ ಪೆಟ್ಟಿಗೆ ಹಾಗೆಯೇ ಹೊಸ ದಿನಾಂಕಕ್ಕೆ ಬಂತು.

ಪಾಲಕ್ಕಾಡಿನ ಅಳಿಯ
ಚೀನಾದಲ್ಲಿ ಹಬ್ಬದ ಹಿಂದಿನ ರಾತ್ರಿ ಇಡೀ ಮೀನು ಬಡಿಸುತ್ತಾರೆ. ಅವರ ಭಾಷೆಯಲ್ಲಿ ಮೀನು ಎಂದರೂ ಮಿಗತೆ ಎಂದರೂ ಉಚ್ಚಾರ ಒಂದೇ ಆದದ್ದರಿಂದ ಸ್ವಲ್ಪ ಉಳಿಸಿಯೇ ಏಳಬೇಕು. ಉತ್ತರ ಚೀನಾದವರು ಹಳೆಯ ಕಾಲದ ಬೆಳ್ಳಿಗಟ್ಟಿಯ ಆಕಾರದ ಕಡುಬು ತಿನ್ನುತ್ತಾರೆ. ಗ್ರೀಸಿನವರು ಕೇಕಿನೊಳಗೆ ನಾಣ್ಯ ಅಡಗಿಸಿಟ್ಟು, ಯಾರ ಪಾಲಿಗೆ ಬಂತೋ ಆ ವರ್ಷ ಅವರದು ಎನ್ನುತ್ತಾರೆ. ಇಟಲಿಯ ಮಸೂರವೂ ನಾಣ್ಯವೇ. ಎಲ್ಲರಿಗೂ ಬೇಕಾದದ್ದು ದುಡ್ಡು ಎಂದು ಮಕ್ಕಳಿಗೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು.

ಪೆರ್ಲದ ಮಾಷ್ಟ್ರು
ಹಾಗೆ ಮುಗಿಸಬೇಡಿ. ಅಲಸಂಡೆ ಕಾಳನ್ನು ಮರೆತಿದ್ದೀರಿ, ನನ್ನ ಮಟ್ಟಿಗೆ ಈ ಮೇಜಿನಲ್ಲಿ ಅತ್ಯಂತ ಮುಖ್ಯವಾದದ್ದು ಅದು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜನವರಿ 1ರಂದು ಅಲಸಂಡೆ ಕಾಳು ಮತ್ತು ಅನ್ನವನ್ನು ಸೇರಿಸಿ ಬೇಯಿಸಿದ ಹಾಪಿನ್ ಜಾನ್ ಎಂಬ ಊಟ ಮಾಡುತ್ತಾರೆ. ಕಾಳು ನಾಣ್ಯ, ಜೊತೆಯ ಸೊಪ್ಪು ಕಾಗದದ ನೋಟು, ಮೆಕ್ಕೆಜೋಳದ ರೊಟ್ಟಿ ಚಿನ್ನ ಎಂದು ಈಗ ವಿವರಿಸುತ್ತಾರೆ. ಆದರೆ ಅಲಸಂಡೆ ಆಫ್ರಿಕಾದ ಬೆಳೆ. ಗುಲಾಮರನ್ನಾಗಿ ಹಿಡಿದು ಸಾಗಿಸಿದ ಜನರೊಂದಿಗೆ ಅದು ಅಟ್ಲಾಂಟಿಕ್ ದಾಟಿತು. ಆ ಅಡುಗೆಯನ್ನು ಕಲಿಸಿದವರು ಅವರೇ. ನೋಟು-ನಾಣ್ಯದ ಕಥೆ ಅದರ ಮೇಲೆ ಬಂದು ಕೂತದ್ದು. ಸ್ಪೇನ್, ಪೋರ್ಚುಗಲ್ ಮೂಲದ ಯಹೂದಿಗಳು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬರುವ ತಮ್ಮ ಹೊಸ ವರ್ಷದ ಹಬ್ಬ ರೋಷ್ ಹಶಾನಾಕ್ಕೆ ಜೇನು ಅದ್ದಿದ ಸೇಬು, ದಾಳಿಂಬೆಯೊಂದಿಗೆ ಇದೇ ಕಾಳನ್ನೂ ಇಡುತ್ತಾರೆ. ನಮ್ಮ ಹಿತ್ತಿಲಿನ ಚಪ್ಪರದಲ್ಲಿ ಅಲಸಂಡೆ ಜೋತಾಡುತ್ತಿದ್ದರೂ ಅದರಿಂದ ಶುಭವನ್ನು ನಾವು ಯಾರೂ ನಿರೀಕ್ಷಿಸಲಿಲ್ಲ. ಒಂದೇ ಕಾಳು ಒಂದು ಊರಿನಲ್ಲಿ ಹಬ್ಬ, ಇನ್ನೊಂದು ಊರಿನಲ್ಲಿ ವಾರದ ಪಲ್ಯ.

ಮಂಜೇಶ್ವರದ ಕೊಂಕಣಿ
ಇದನ್ನು ಖಂಡಿತ ಇಡಿ. ಕಾಳು ನಾನು ತರುತ್ತೇನೆ.

ತೋಟದವ
ಮಾಷ್ಟ್ರು ಜನರ ಮಾತೆತ್ತಿದ್ದರಿಂದ ನನ್ನದೂ ಒಂದಿದೆ. ಬಿಸುವಿಗೆ ಒಕ್ಕಲುಗಳು ಸೌತೆ, ತೆಂಗಿನಕಾಯಿ, ತರಕಾರಿ ಹೊತ್ತು ಧಣಿಗಳ ಮನೆಗೆ ಬುಳೆಕಾಣಿಕೆ ಕೊಡಬೇಕಿತ್ತು. ಧಣಿಗಳ ಜಗಲಿಯಲ್ಲಿ ರಾಶಿ ಬಿದ್ದ ಆ ಸೌತೆ ಯಾರ ಸಮೃದ್ಧಿ? 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾದ ಮೇಲೆ ನಮ್ಮ ಅಜ್ಜ ಬೆಳೆದ ಸೌತೆ ನಮ್ಮ ಕಣಿಗೇ ಬಂತು. ಕಣಿ ನೋಡಿ ಅಜ್ಜ ಗದ್ದೆಗೆ ಹೋಗಿ ಕೈಬಿತ್ತು, ಅಂದರೆ ವರ್ಷದ ಮೊದಲ ಬೀಜ ಹಾಕಿ ಬರುತ್ತಿದ್ದರು. ಅವರಿಗೆ ಶುಭವೆಂದರೆ ಅದು, ನೋಡುವುದೂ ಅಲ್ಲ, ತಿನ್ನುವುದೂ ಅಲ್ಲ.

ಕುಂಬಳೆ ಸೀಮೆಯವ
ಇದನ್ನು ಒಂದು ಕಾಗದದಲ್ಲಿ ಬರೆದುಕೊಟ್ಟರೆ ಕಣಿಯ ಪಕ್ಕದಲ್ಲಿ ಅಂಟಿಸುತ್ತೇನೆ. ಧಣಿಗಳ ಮನೆಯವರೂ ಸಮಿತಿಯಲ್ಲಿದ್ದಾರೆ, ಓದಿಕೊಳ್ಳಲಿ.

ಉಪ್ಪಳದ ಹುಡುಗಿ
ಎಲ್ಲರೂ ದೂರದ ದೇಶಗಳ ಕಡೆಗೇ ನೋಡುತ್ತಿದ್ದೀರಿ. ಬಿಸುವಿನ ದಿನವೇ ಹೊಸ ವರ್ಷ ಮಾಡುವ ಶ್ರೀಲಂಕಾವನ್ನು ಯಾರೂ ಹೇಳಲಿಲ್ಲ. ಸಿಂಹಳೀಯರು ಜ್ಯೋತಿಷಿಗಳು ಕೊಟ್ಟ ಮುಹೂರ್ತಕ್ಕೆ ಒಲೆ ಹಚ್ಚಿ, ಹೊಸ ಮಡಕೆಯಲ್ಲಿ ಹಾಲು ಉಕ್ಕಿಸಿ, ತೆಂಗಿನ ಹಾಲಿನಲ್ಲಿ ಅಕ್ಕಿ ಬೇಯಿಸಿದ ಕಿರಿಬತ್ ಮಾಡಿ ವಜ್ರಾಕಾರಕ್ಕೆ ಕತ್ತರಿಸುತ್ತಾರೆ. ಹಳೆಯ ವರ್ಷ ಮುಗಿದು ಹೊಸದು ನೆಲೆಗೊಳ್ಳುವ ನಡುವಿನ ಕೆಲವು ಗಂಟೆ ಒಲೆ ಹಚ್ಚುವಂತಿಲ್ಲ, ಊಟವನ್ನೂ ಮಾಡುವಂತಿಲ್ಲ. ಆಮೇಲೆ ಮನೆಯ ಹಿರಿಯರು ಮೊದಲ ತುತ್ತು ತಿನ್ನಿಸುತ್ತಾರೆ. ತೆಂಗು, ಅಕ್ಕಿ ಎರಡೂ ನಮ್ಮಲ್ಲಿವೆ, ಮಾಡುವುದೂ ಸುಲಭ. ಪಾಲಕ್ಕಾಡಿನ ವಿಷುಕಟ್ಟದ ತಂಗಿಯಂತಿದೆ. ಒಂದು ಸಂಶಯ: ಬಿಸುವಿನ ದಿನ ಎಂದೆ, ಆದರೆ ಕೆಲವೊಮ್ಮೆ ತಮಿಳರಿಗೆ 14, ನಮಗೆ 15 ಆಗುವುದೇಕೆ?

ಪೆರ್ಲದ ಮಾಷ್ಟ್ರು
ಸೂರ್ಯ ಮೇಷ ರಾಶಿಯನ್ನು ಪ್ರವೇಶಿಸುವ ಕ್ಷಣ ಎಲ್ಲರಿಗೂ ಒಂದೇ, ಅದನ್ನು ಯಾವ ದಿನಕ್ಕೆ ಸೇರಿಸಬೇಕೆಂಬ ಕಟ್ಟಳೆ ಬೇರೆ ಬೇರೆ. ತಮಿಳರು ಸೂರ್ಯಾಸ್ತದೊಳಗೆ ಪ್ರವೇಶವಾದರೆ ಅದೇ ದಿನವೆನ್ನುತ್ತಾರೆ. ಕೇರಳದ ಕಟ್ಟಳೆಯಲ್ಲಿ ಸುಮಾರು ಮಧ್ಯಾಹ್ನ ಒಂದು ಗಂಟೆಯ ಆಸುಪಾಸಿನಲ್ಲಿ ಗಡಿಯಿದೆ, ಅದು ದಾಟಿದರೆ ಮಾರನೆಯ ದಿನ. 2023ರಲ್ಲಿ ಪ್ರವೇಶ ಏಪ್ರಿಲ್ 14ರ ಅಪರಾಹ್ನವಾದದ್ದರಿಂದ ತಮಿಳರ ಹೊಸ ವರ್ಷ 14ಕ್ಕೂ ವಿಷು 15ಕ್ಕೂ ಬಂದವು. ನೌರೂಜಿಗೂ ಬಿಸುವಿಗೂ ಈಗ ಇರುವ ಸುಮಾರು ಇಪ್ಪತ್ತನಾಲ್ಕು ದಿನಗಳ ಅಂತರವೂ ಆಕಾಶದ ಲೆಕ್ಕವೇ: ಸುಮಾರು 1700 ವರ್ಷಗಳ ಹಿಂದೆ ಮೇಷ ಪ್ರವೇಶವೂ ಹಗಲು ರಾತ್ರಿ ಸಮನಾಗುವ ದಿನವೂ ಒಂದೇ ಆಗಿದ್ದವು, ಆಮೇಲೆ ಸುಮಾರು 72 ವರ್ಷಕ್ಕೊಂದು ದಿನದಂತೆ ಬೇರೆಯಾಗುತ್ತಾ ಬಂದಿವೆ. ಬದಿಯಡ್ಕದವರು ಆ ಎರಡನ್ನೂ ಪಕ್ಕಪಕ್ಕದಲ್ಲಿಡಿ ಎಂದದ್ದು ನ್ಯಾಯವೇ.

ಕುಂಬಳೆ ಸೀಮೆಯವ
ಸರಿ, ಹೀಗೆ ಮಾಡುತ್ತೇವೆ. ಮೇಜಿನ ಒಂದು ತುದಿಯಲ್ಲಿ ಕಣಿಯೂ ನೌರೂಜಿನ ಹಾಸೂ ಇರುತ್ತವೆ, ಅವನ್ನು ಯಾರೂ ಮುಟ್ಟುವಂತಿಲ್ಲ. ಇನ್ನೊಂದು ತುದಿಯಲ್ಲಿ ತಿನ್ನುವಂಥವು: ಅಕ್ಕಲಕೋಟೆಯ ಕುಡಿಯುವ ಬೇವು, ಕಿರಿಬತ್, ಅಲಸಂಡೆ-ಅನ್ನ, ಹೋಳು ಮಾಡಿದ ದ್ರಾಕ್ಷಿ, ಮಸೂರ. ಬೇವು-ಬೆಲ್ಲ ಬೇಡವೆಂದವರಿಗೆ ಶ್ಲೋಕದ ಅರ್ಥವನ್ನು ಮಾಷ್ಟ್ರೇ ಬಂದು ಹೇಳಬೇಕು. ಬಿಸುವಿನ ಶುಭ ಕಣ್ಣಿನದೇ ಎಂಬ ನನ್ನ ವಾದವನ್ನು ನಾನು ಬಿಟ್ಟಿಲ್ಲ, ಮುಂದಿನ ಸಭೆಯಲ್ಲಿ ಮತ್ತೆ ಎತ್ತುತ್ತೇನೆ. ಅಕ್ಕ, ಬೇವಿನ ಪಾನಕದ ಅಳತೆಯನ್ನು ಐವತ್ತು ಜನರಿಗೆ ಆಗುವಂತೆ ಬರೆದುಕೊಡುತ್ತೀರಾ?

ಅಕ್ಕಲಕೋಟೆಯ ಸೊಸೆ
ಅತ್ತೆಯವರಿಗೆ ಅಳತೆ ಗೊತ್ತಿಲ್ಲ, ಕೈಯಂದಾಜು ಮಾತ್ರ. ಇಂದು ರಾತ್ರಿ ಕೇಳಿ ಬರೆಯುತ್ತೇನೆ. ಬೇವಿನ ಹೂವು ಅಲ್ಲಿ ಸಿಗದಿದ್ದರೆ ಒಣಗಿಸಿದ್ದನ್ನು ಬಸ್ಸಿನಲ್ಲಿ ಕಳಿಸಿಕೊಡಬಹುದು, ಮಂಗಳೂರಿನಲ್ಲಿ ಇಳಿಸಿಕೊಳ್ಳಲು ಯಾರನ್ನಾದರೂ ನಿಲ್ಲಿಸಿ.